‘ಬಂದರು’ ಎಂಬ ಪದ ಬಂದದ್ದೆಲ್ಲಿಂದ?

ಪ್ರಶ್ನೆ: ಹಿಂದೆ ಅರಬರು, ಪೋರ್ಚುಗೀಸರು ಮುಂತಾದವರು ಹಡಗಿನಲ್ಲಿ ಬಂದಾಗ ನಮ್ಮ ಕರಾವಳಿಯ ಜನ ‘ಬಂದರು, ಬಂದರು’ ಎಂದು ಕೂಗಿದರಂತೆ, ಅವರು ಬಂದಿಳಿದ ಜಾಗಕ್ಕೆ ಅದೇ ಹೆಸರು ನಿಂತಿತಂತೆ. ನಮ್ಮ ಮನೆಯ ಹಿರಿಯರು ಹೇಳುತ್ತಿದ್ದ ಈ ಮಾತನ್ನು ನನ್ನ ಮಗಳು ಶಾಲೆಯ ಪ್ರಬಂಧದಲ್ಲಿ ಬರೆಯಲು ಹೊರಟಿದ್ದಾಳೆ. ಬರೆಯಬಹುದೇ?
– ಓದುಗರು, ಮಲ್ಪೆ

ಉತ್ತರ: ಕತೆಯೆಂದು ಧಾರಾಳವಾಗಿ ಬರೆಯಬಹುದು, ಪದದ ಮೂಲವೆಂದು ಬರೆಯುವುದು ಬೇಡ. ಈ ಕತೆಯನ್ನು ಕಟ್ಟಿದವರು ಯಾರೇ ಇರಲಿ, ಅವರಿಗೆ ಕನ್ನಡದ ಕಿವಿ ಚೆನ್ನಾಗಿತ್ತು. ಆದರೆ ಕನ್ನಡದ ಗಡಿ ದಾಟಿದೊಡನೆ ಕತೆ ಬಿದ್ದುಹೋಗುತ್ತದೆ. ತುಳುವಿನಲ್ಲಿ ಹಡಗು ತಂಗುವ ಜಾಗಕ್ಕೆ ‘ಬಂದರ್’ ಎಂದೇ ಹೇಳುತ್ತಾರೆ. ಆದರೆ ‘ಅವರು ಬಂದರು’ ಎನ್ನಲು ತುಳುವರು ‘ಅಕುಲು ಬತ್ತೆರ್’ ಎನ್ನುತ್ತಾರೆ. ಕೊಂಕಣಿಯಲ್ಲಿ ಅದು ‘ಆಯ್ಲೆ’, ಮರಾಠಿಯಲ್ಲಿ ‘ಆಲೇ’. ಆ ಎರಡು ಭಾಷೆಗಳಲ್ಲಿಯೂ ಹಡಗುದಾಣ ಮಾತ್ರ ‘ಬಂದರ್’. ಕೂಗಿದವರ ಭಾಷೆ ಬೇರೆ ಬೇರೆಯಾದರೂ ಹೆಸರು ಒಂದೇ ಆಗಿದೆ ಎಂದರೆ, ಆ ಹೆಸರು ಕೂಗಿನಿಂದ ಹುಟ್ಟಿದ್ದಲ್ಲವೆಂದು ತಿಳಿಯಬೇಕು. ಕನ್ನಡದ ವ್ಯಾಕರಣವೂ ಇದಕ್ಕೆ ಒಪ್ಪುವುದಿಲ್ಲ. ‘ಬಂದರು’ ಎಂಬ ಕ್ರಿಯಾಪದಕ್ಕೆ ವಿಭಕ್ತಿ ಹತ್ತದು. ಬಂದ ಜನರ ಮಾತಾದರೆ ‘ಬಂದವರಿಗೆ’, ‘ಬಂದವರಲ್ಲಿ’ ಎನ್ನುತ್ತೇವೆಯೇ ಹೊರತು ‘ಬಂದರಿಗೆ’, ‘ಬಂದರಿನಲ್ಲಿ’ ಎನ್ನುವುದಿಲ್ಲ. ಹಡಗುದಾಣದ ‘ಬಂದರು’ ಮೊದಲಿನಿಂದಲೂ ನಾಮಪದವೇ.

ಅದರ ತವರು ಪರ್ಷಿಯನ್ ಭಾಷೆ. ಅಲ್ಲಿ ‘ಬಂದರ್’ ಎಂದರೆ ಹಡಗುಗಳು ತಂಗುವ, ಸರಕು ಇಳಿಸುವ ಊರು ಅಥವಾ ದಡ. ವ್ಯಂಜನದಲ್ಲಿ ಕೊನೆಗೊಳ್ಳುವ ಹೊರಗಿನ ಪದಕ್ಕೆ ಕೊನೆಯಲ್ಲೊಂದು ಉಕಾರ ಸೇರಿಸಿ ಒಳಗೆ ಕರೆದುಕೊಳ್ಳುವುದು ಕನ್ನಡದ ಹಳೆಯ ರೂಢಿ. ದರಬಾರು, ಕಾರುಬಾರು, ಕರಾರು, ತಕರಾರು, ಜರೂರು ಇವೆಲ್ಲ ಹಾಗೆ ಬಂದವು, ನಿನ್ನೆ ಮೊನ್ನೆಯ ಕಾರು ಕೂಡ ಹಾಗೆಯೇ ಬಂದಿತು. ಬಂದರಿಗೂ ಅದೇ ಉಕಾರ ಹತ್ತಿತು. ಹತ್ತಿದ ಮೇಲೆ ಅದು ನಮ್ಮ ಭೂತಕಾಲದ ಬಹುವಚನದ ಕ್ರಿಯಾಪದದ ಹಾಗೆಯೇ ಕೇಳಿಸಿತು. ಹಿರಿಯರ ಕತೆ ಹುಟ್ಟಿದ್ದು ಈ ಆಕಸ್ಮಿಕದಿಂದ.

ಪರ್ಷಿಯನ್ನಿನಲ್ಲಿ ‘ಬಂದ್’ ಎಂದರೆ ಕಟ್ಟು, ತಡೆ, ಅಣೆಕಟ್ಟು. ನಮ್ಮ ಬಂದೋಬಸ್ತು, ಜಮಾಬಂದಿ, ನಾಕಾಬಂದಿ, ಅಂಗಡಿ ಮುಚ್ಚಿಸುವ ಬಂದ್ ಎಲ್ಲವೂ ಅಲ್ಲಿಂದಲೇ ಬಂದವು. ಸಂಸ್ಕೃತದ ‘ಬಂಧ’ವೂ ಇಂಗ್ಲಿಷಿನ ‘ಬೈಂಡ್’ ಕೂಡ ಇದಕ್ಕೆ ದಾಯಾದಿಗಳು. ಬಂದರನ್ನೂ ಈ ಬಂದ್‌ನೊಂದಿಗೆ ಜೋಡಿಸಿ, ಹಡಗನ್ನು ಕಟ್ಟುವ ಜಾಗವೆಂದೋ ಅಲೆಗೆ ಒಡ್ಡು ಕಟ್ಟಿದ ಜಾಗವೆಂದೋ ವಿವರಿಸುವುದು ವಾಡಿಕೆ. ನನಗೆ ಈ ವಿವರಣೆ ಒಪ್ಪಿಗೆಯಾಗುವುದಕ್ಕೆ ಒಂದು ಕಾರಣ ನಮ್ಮ ಮಗ್ಗುಲಲ್ಲೇ ಇದೆ. ‘ಕಟ್ಟು’ ಎಂಬುದರಿಂದ ಕನ್ನಡದಲ್ಲಿ ‘ಕಟ್ಟೆ’ ಆಯಿತು. ಉಡುಪಿ ಜಿಲ್ಲೆಯ ಹಳೆಯ ಬಂದರುಗಳಲ್ಲಿ ಒಂದರ ಹೆಸರು ಹಂಗಾರಕಟ್ಟೆ. ನೀರಿನ ಅಂಚಿನ ಜಾಗವನ್ನು ಕಟ್ಟುವ ಕೆಲಸದಿಂದ ಗುರುತಿಸುವ ಬುದ್ಧಿ ಎರಡು ಕಡೆಯೂ ಒಂದೇ ಬಗೆಯದು. ಇದೇ ‘ಬಂದ್’ ಭಾರತದಲ್ಲಿದ್ದ ಇಂಗ್ಲಿಷರ ಬಾಯಿಗೆ ಬಿದ್ದು ‘ಬಂಡ್’ ಆಗಿ, ಅವರೊಂದಿಗೆ ಚೀನಾದವರೆಗೂ ಹೋಯಿತು. ಶಾಂಘೈ ನಗರದ ಪ್ರಸಿದ್ಧ ನದೀತೀರದ ಬೀದಿಯನ್ನು ಇಂಗ್ಲಿಷಿನಲ್ಲಿ ಇಂದಿಗೂ ‘ದಿ ಬಂಡ್’ ಎಂದೇ ಕರೆಯುತ್ತಾರೆ.

ಪರ್ಷಿಯಾದ ಪದ ತುಳುನಾಡಿನ ದಡಕ್ಕೆ ಬಂದದ್ದರಲ್ಲಿ ಅಚ್ಚರಿಯೇನಿಲ್ಲ. 14ನೆಯ ಶತಮಾನದ ನಡುಭಾಗದಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಪ್ರವಾಸಿ ಇಬ್ನ್ ಬತೂತ ಮಂಗಳೂರನ್ನು ‘ಮಂಜರೂರ್’ ಎಂದು ಕರೆದು, ಫಾರ್ಸ್ ಮತ್ತು ಯೆಮನ್ ದೇಶಗಳ ವರ್ತಕರು ಹೆಚ್ಚಾಗಿ ಇಳಿಯುವುದು ಇಲ್ಲಿಯೇ ಎಂದೂ, ಮೆಣಸು ಮತ್ತು ಶುಂಠಿ ಇಲ್ಲಿ ಹೇರಳವೆಂದೂ ಬರೆದಿದ್ದಾನೆ. ಫಾರ್ಸ್ ಎಂಬುದು ಪರ್ಷಿಯನ್ ಭಾಷೆಗೆ ಹೆಸರು ಕೊಟ್ಟ ಸೀಮೆ. ಪದ ನೇರವಾಗಿ ಆ ವರ್ತಕರ ಬಾಯಿಂದ ಬಂದಿರಬಹುದು, ಮರಾಠಿ ಕೊಂಕಣಿಗಳ ಮೂಲಕ ಬಡಗಣಿಂದಲೂ ಇಳಿದಿರಬಹುದು. ಕಡಲ ದಾರಿಯ ಪದಗಳು ಒಂದೇ ಹಾದಿ ಹಿಡಿಯಬೇಕೆಂದಿಲ್ಲ. ಗುಜರಾತದ ಪೋರಬಂದರ, ಮುಂಬಯಿಯ ಅಪೋಲೊ ಬಂದರ್ ಇವು ಪಡುಗಡಲುದ್ದಕ್ಕೂ ಅದು ನೆಲೆಸಿದ್ದಕ್ಕೆ ಗುರುತುಗಳು. ಮೊಗಲರ ಕಾಲದಲ್ಲಿ ಸೂರತ್ತನ್ನು ‘ಬಂದರ್-ಎ-ಮುಬಾರಕ್’, ಅಂದರೆ ಮಂಗಳಕರವಾದ ಬಂದರು ಎಂದು ಗೌರವಿಸುತ್ತಿದ್ದರು.

ದಕ್ಷಿಣಕ್ಕೆ ಹೋದಂತೆ ಪದದ ಬಲ ತಗ್ಗುತ್ತದೆ. ಮಲಯಾಳದಲ್ಲಿ ‘ತುರಮುಖಂ’, ತಮಿಳಿನಲ್ಲಿ ‘ತುರೈಮುಗಂ’ ಎಂಬ ಸ್ವಂತ ಪದಗಳು ತಮ್ಮ ಜಾಗ ಬಿಟ್ಟುಕೊಡಲಿಲ್ಲ. ತೆಲುಗಿನಲ್ಲಿ ‘ಓಡರೇವು’ ಎಂಬುದೇ ಬಳಕೆಯ ಮಾತು. ಆದರೆ ಆಂಧ್ರದವರು ‘ಬಂದರು’ ಎಂದರೆ ಅದು ಒಂದು ನಿರ್ದಿಷ್ಟ ಊರು, ಮಚಲೀಪಟ್ಟಣ. ವಿಜಯವಾಡದಿಂದ ಅತ್ತ ಹೋಗುವ ರಸ್ತೆ ‘ಬಂದರು ರೋಡ್’, ಅಲ್ಲಿನ ಹೆಸರಾಂತ ಲಾಡು ‘ಬಂದರು ಲಡ್ಡು’. ಕನ್ನಡಕ್ಕೂ ‘ರೇವು’ ಎಂಬ ಪದ ಇದ್ದೇ ಇದೆ. ಬರವಣಿಗೆಯಲ್ಲಿ ‘ರೇವುಪಟ್ಟಣ’ ಎಂದು ಉಳಿದಿದೆ. ದೋಣಿಯಲ್ಲಿ ಹೊಳೆ ದಾಟುವ ಜಾಗಕ್ಕೆ ‘ಕಡವು’, ಹೊಳೆ ಕಡಲನ್ನು ಕೂಡುವ ಜಾಗಕ್ಕೆ ‘ಅಳಿವೆ’ ಎಂದು ಕರಾವಳಿಯವರು ಇವತ್ತಿಗೂ ಹೇಳುತ್ತಾರೆ. ಹೊರಗಿನ ಪದ ಈ ಯಾವುದನ್ನೂ ಓಡಿಸಲಿಲ್ಲ. ದೂರದೇಶದ ಹಡಗು, ಸುಂಕ, ಸರಕು ಇವೆಲ್ಲ ಒಟ್ಟುಗೂಡಿದ ಜಾಗಕ್ಕೆ ಮಾತ್ರ ಅಂಟಿಕೊಂಡಿತು.

ಪ್ರಶ್ನೆ: ನನ್ನ ಮಗ ಮಲೇಷ್ಯಾದಲ್ಲಿ, ಕೌಲಾಲಂಪುರದ ಬಳಿಯ ‘ಬಂದರ್ ಉತಾಮಾ’ ಎಂಬಲ್ಲಿ ನೆಲೆಸಿದ್ದಾನೆ. ಹಡಗು ಕಾಣಬಹುದೆಂದು ಹೋದ ನಮಗೆ ಅಲ್ಲಿ ಹಡಗೂ ಇಲ್ಲ, ಕಡಲೂ ಇಲ್ಲ. ನಮ್ಮ ನೆಂಟರೊಬ್ಬರು ಮಸ್ಕತ್ತಿನಲ್ಲಿದ್ದು, ಅಲ್ಲಿ ಬಂದರ್ ಎಂಬುದು ಗಂಡಸರ ಹೆಸರೂ ಹೌದು ಎನ್ನುತ್ತಾರೆ. ಇವೆಲ್ಲ ಒಂದೇ ಪದವೇ?
– ಓದುಗರು, ಕದ್ರಿ, ಮಂಗಳೂರು

ಉತ್ತರ: ಒಂದೇ ಪದ. ಆದರೆ ಅದು ಇಳಿದ ನೆಲದಲ್ಲೆಲ್ಲ ಒಂದೇ ಕೆಲಸ ಮಾಡಲಿಲ್ಲ. ಬಂದರು ಎಂಬುದು ನೀರು, ದಡ, ಪೇಟೆ, ಅಧಿಕಾರಿ ಎಲ್ಲವೂ ಸೇರಿದ ಒಂದು ಸಂಸ್ಥೆ; ಆಯಾ ದೇಶದ ಜನರಿಗೆ ಅದರಲ್ಲಿ ಯಾವುದು ದೊಡ್ಡದಾಗಿ ಕಂಡಿತೋ ಅದೇ ಅವರ ಭಾಷೆಯಲ್ಲಿ ಆ ಪದದ ಅರ್ಥವಾಗಿ ನಿಂತಿತು.

ಮಲಯ್ ಭಾಷೆಯವರು ಹಿಡಿದುಕೊಂಡದ್ದು ಪೇಟೆಯನ್ನು. ಆ ಸೀಮೆಯ ದೊಡ್ಡ ಊರುಗಳೆಲ್ಲ ಹೊಳೆಬಾಯಿಯಲ್ಲಿ, ಕಡಲದಡದಲ್ಲಿ ವ್ಯಾಪಾರದಿಂದ ಬೆಳೆದವು. ಹಾಗಾಗಿ ಬಂದರು ಎಂದರೆ ಪಟ್ಟಣ, ಪಟ್ಟಣವೆಂದರೆ ಬಂದರು ಎಂದಾಯಿತು. ಕ್ರಮೇಣ ನೀರಿನ ಸಂಬಂಧ ಕಳಚಿ, ಒಳನಾಡಿನ ಬಡಾವಣೆಯೂ ‘ಬಂದರ್’ ಎನ್ನಿಸಿಕೊಂಡಿತು. ತಾವು ಕಂಡ ‘ಬಂದರ್ ಉತಾಮಾ’ ಅಂಥದು. ಮಹಾನಗರಕ್ಕೆ ಅಲ್ಲಿ ‘ಬಂದರಾಯಾ’ ಎನ್ನುತ್ತಾರೆ, ನಗರಾಧ್ಯಕ್ಷರಿಗೆ ‘ದಾತುಕ್ ಬಂದರ್’. ಬ್ರೂನೈ ದೇಶದ ರಾಜಧಾನಿಗೆ 1970ರಲ್ಲಿ, ಪಟ್ಟ ಬಿಟ್ಟುಕೊಟ್ಟ ಸುಲ್ತಾನರ ಬಿರುದನ್ನು ಸೇರಿಸಿ ‘ಬಂದರ್ ಸೆರಿ ಬೆಗಾವಾನ್’ ಎಂದು ಹೆಸರಿಟ್ಟರು; ಅಲ್ಲಿಯೂ ‘ಬಂದರ್’ ಎಂದರೆ ನಗರವೇ. ಹಡಗು ನಿಲ್ಲುವ ಜಾಗವನ್ನು ಹೇಳಬೇಕಾದರೆ ಮಲಯ್ ಭಾಷೆಯಲ್ಲಿ ಬೇರೆಯದೇ ಪದವಿದೆ, ‘ಪೆಲಬುಹಾನ್’. ‘ಲಬುಹ್’ ಎಂದರೆ ಲಂಗರು ಹಾಕು ಎಂದು ಅರ್ಥ.

ಇಂಡೋನೇಷ್ಯಾದ ಭಾಷೆ ಮಲಯ್ ಭಾಷೆಯ ಒಡಹುಟ್ಟು. ಆದರೂ ಈ ಪದವನ್ನು ಅದು ಬೇರೆಡೆಗೆ ಒಯ್ದಿತು. ‘ಉದಾರಾ’ ಎಂದರೆ ಅಲ್ಲಿ ಗಾಳಿ, ಆಕಾಶ. ‘ಬಂದರ್ ಉದಾರಾ’ ಎಂದರೆ ವಿಮಾನ ನಿಲ್ದಾಣ. ನಾಲಗೆಯ ಮೇಲೆ ಅದು ಸವೆದು ‘ಬಂದಾರಾ’ ಆಗಿದೆ. ಬಂಗಾಳಿಗಳೂ ಹೀಗೆಯೇ ‘ಬಿಮಾನ್‌ಬಂದರ್’ ಎನ್ನುತ್ತಾರೆ. ನಾವು ಬಸ್ಸಿಗೆ, ರೈಲಿಗೆ, ವಿಮಾನಕ್ಕೆ ಒಂದೇ ‘ನಿಲ್ದಾಣ’ವನ್ನು ಹಂಚಿದೆವು, ಬಂಗಾಳಿಗಳ ದಾರಿ ಹಿಡಿದಿದ್ದರೆ ಬಜ್ಪೆಯಲ್ಲಿ ಇಂದು ನಮಗೊಂದು ‘ವಿಮಾನಬಂದರು’ ಇರುತ್ತಿತ್ತು. ಅದೇ ಇಂಡೋನೇಷ್ಯಾದ ಪತ್ರಿಕೆಗಳಲ್ಲಿ ‘ಬಂದರ್ ಜೂದಿ’ ಎಂದು ಕಂಡರೆ ಅದು ಜೂಜು ನಡೆಸುವವನು, ‘ಬಂದರ್ ನರ್ಕೋಬಾ’ ಎಂದರೆ ಮಾದಕ ವಸ್ತುಗಳ ದೊಡ್ಡ ವ್ಯಾಪಾರಿ.

ಇನ್ನು ಅಧಿಕಾರಿಯ ಮಾತು. ‘ಶಾಹ್’ ಎಂದರೆ ಅರಸ. ‘ಶಾಹ್‌ಬಂದರ್’ ಎಂದರೆ ಬಂದರಿನ ದೊರೆ, ಅಂದರೆ ಅದರ ಮುಖ್ಯಾಧಿಕಾರಿ. 1511ರಲ್ಲಿ ಪೋರ್ಚುಗೀಸರ ವಶವಾಗುವುದಕ್ಕೆ ಮುಂಚೆ ಮಲಯ್ ನಾಡಿನ ಮಲಾಕ್ಕದಲ್ಲಿ, ಅಲ್ಲಿನ ಸುಲ್ತಾನರ ಆಳ್ವಿಕೆಯಲ್ಲಿ ಇಂಥ ಶಾಹ್‌ಬಂದರರು ನಾಲ್ವರಿದ್ದರು. ಗುಜರಾತಿನ ವರ್ತಕರು ಬಹುಸಂಖ್ಯೆಯಲ್ಲಿದ್ದುದರಿಂದ ಅವರೊಬ್ಬರಿಗೇ ಒಬ್ಬ ಅಧಿಕಾರಿಯಿದ್ದು, ಉಳಿದ ಭಾರತೀಯರು, ಜಾವಾ ಮೊದಲಾದ ದ್ವೀಪಗಳವರು ಹಾಗೂ ಚೀನಾದ ಕಡೆಯವರು ಮಿಕ್ಕ ಮೂವರ ಪಾಲಿಗೆ ಸೇರುತ್ತಿದ್ದರು. ಹಡಗು ಬಂದೊಡನೆ ವರ್ತಕ ಮೊದಲು ಕಾಣಬೇಕಾದದ್ದು ತನ್ನ ಪಾಲಿನ ಶಾಹ್‌ಬಂದರನನ್ನು. ಇಂಡೋನೇಷ್ಯಾದಲ್ಲಿ ಹಡಗುದಾಣದ ಅಧಿಕಾರಿಗೆ ಇಂದಿಗೂ ‘ಸ್ಯಾಹ್‌ಬಂದರ್’ ಎಂದೇ ಹೆಸರು. ಪಶ್ಚಿಮಕ್ಕೆ ಹೋದರೆ ಇದೇ ಪದವಿ ಬೇರೆ ಬಣ್ಣ ತಳೆಯುತ್ತದೆ. ಅರಬ್ಬಿಯಲ್ಲಿ ‘ಶಾಹ್‌ಬಂದರ್ ಅತ್-ತುಜ್ಜಾರ್’ ಎಂದರೆ ಪೇಟೆಯ ವರ್ತಕರಿಗೆಲ್ಲ ಹಿರಿಯನಾದ ಸೆಟ್ಟಿ. ಒಟೊಮನ್ ತುರ್ಕರಲ್ಲಿ ‘ಶೆಹ್‌ಬೆಂದೆರ್’ ಎಂದರೆ ಪರದೇಶದಲ್ಲಿ ತಮ್ಮ ಸರ್ಕಾರದ ಪ್ರತಿನಿಧಿಯಾಗಿರುವ ಅಧಿಕಾರಿ, ನಾವು ಇಂದು ಕಾನ್ಸುಲ್ ಎನ್ನುವವನು. ಪರದೇಶದ ವರ್ತಕರನ್ನು ವಿಚಾರಿಸಿಕೊಳ್ಳುವವನ ಹೆಸರು, ಪರದೇಶದಲ್ಲಿರುವ ತಮ್ಮವರನ್ನು ವಿಚಾರಿಸಿಕೊಳ್ಳುವವನ ಹೆಸರಾಯಿತು.

ತಮ್ಮ ನೆಂಟರಿರುವ ಒಮಾನಿನಲ್ಲಿ ಪದ ಇನ್ನೂ ನೀರಿಗೆ ಹತ್ತಿರವಾಗಿಯೇ ಇದೆ. ಮಸ್ಕತ್ತಿನ ಸಮೀಪದ ಬಂದರ್ ಜಿಸ್ಸಾ, ಬಂದರ್ ಖೈರಾನ್ ಎಂಬವು ಬೆಟ್ಟಗಳ ನಡುವೆ ಕಡಲು ಒಳಚಾಚಿದ ತಾಣಗಳು. ಅರಬ್ಬಿ ಭಾಷೆಗೆ ಹಡಗುದಾಣಕ್ಕೆ ‘ಮೀನಾ’ ಎಂಬ ಸ್ವಂತ ಪದವಿದೆ. ‘ಬಂದರ್’ ಎಂಬುದನ್ನು ಅದು ಹೆಚ್ಚಾಗಿ ಊರುಗಳ ಹೆಸರಿನಲ್ಲಿ ಉಳಿಸಿಕೊಂಡಿತು. ಈಜಿಪ್ಟಿನಲ್ಲಿ ‘ಬಂದರ್’ ಎಂದರೆ ಹಳ್ಳಿಗಳಿಗೆ ಎದುರಾದ ಪಟ್ಟಣ, ನಮ್ಮ ಲೆಕ್ಕದಲ್ಲಿ ತಾಲ್ಲೂಕು ಕೇಂದ್ರ. ಕಡಲಿಗೂ ಅದಕ್ಕೂ ಸಂಬಂಧ ಬೇಕಿಲ್ಲ. ಗಂಡಸರಿಗೆ ಬಂದರ್ ಎಂದು ಹೆಸರಿಡುವ ಪದ್ಧತಿ ಅರಬ್ಬಿ ನಾಡುಗಳಲ್ಲಿ, ಮುಖ್ಯವಾಗಿ ಸೌದಿಯಲ್ಲಿ, ಇರುವುದು ನಿಜ. ಆಫ್ರಿಕಾದ ಸ್ವಾಹಿಲಿ ಮಾತ್ರ ನಮ್ಮ ಹಾಗೆಯೇ ನಡೆದುಕೊಂಡು, ‘ಬಂದರಿ’ ಎಂದು ಕೊನೆಗೊಂದು ಸ್ವರ ಸೇರಿಸಿ, ಅರ್ಥವನ್ನು ಕದಲಿಸದೆ ಇಟ್ಟುಕೊಂಡಿದೆ. ಪೂರ್ವ ಯೂರೋಪಿನ ಮೊಲ್ದೋವಾದಲ್ಲಿ ನೀಸ್ಟರ್ ನದಿಯ ದಡದಲ್ಲಿ ‘ಬೆಂದೆರ್’ ಎಂಬ ಊರಿದೆ. ತುರ್ಕರು ಕೊಟ್ಟ ಹೆಸರು ಅದು.

ಪೋರ್ಚುಗೀಸರಿಗೆ ‘ಪೋರ್ತು’ ಎಂಬ ಸ್ವಂತ ಪದವಿದ್ದರೂ ಪೂರ್ವದೇಶಗಳ ಬಂದರಿಗೆ ‘ಬಂದೆಲ್’ ಎಂದು ಬರೆಯುತ್ತಿದ್ದರು. ಬಂಗಾಳದಲ್ಲಿ ಹೂಗ್ಲಿ ನದಿಯ ದಡದ ಬ್ಯಾಂಡೆಲ್ ಊರಿನ ಹೆಸರಿನಲ್ಲಿ ಅವರ ಆ ಲಕಾರ ಇಂದಿಗೂ ಕೇಳಿಸುತ್ತದೆ. ಇತ್ತ ಪರ್ಷಿಯಾದ ಕೊಲ್ಲಿಯಲ್ಲಿ ಅವರ ಕೈಯಲ್ಲಿದ್ದ ಒಂದು ಬಂದರನ್ನು ಪರ್ಷಿಯಾದ ಅರಸ ಷಾ ಅಬ್ಬಾಸನ ಪಡೆ 17ನೆಯ ಶತಮಾನದ ಆರಂಭದಲ್ಲಿ ಕಿತ್ತುಕೊಂಡ ಮೇಲೆ ಅದು ಅವನ ಹೆಸರಿನಲ್ಲೇ ‘ಬಂದರ್ ಅಬ್ಬಾಸ್’ ಆಯಿತು.

ಪ್ರಶ್ನೆ: ಮಕ್ಕಳಿಗೆ ಹಿಂದಿ ಕಲಿಸುವಾಗ ‘ಬಂದರ್’ ಎಂದರೆ ಮಂಗ ಎಂದೊಡನೆ ತರಗತಿಯೇ ನಗುತ್ತದೆ. ಈ ಮಂಗನೂ ಪರ್ಷಿಯಾದಿಂದ ಬಂದದ್ದೇ?
– ಶಿಕ್ಷಕಿ, ಕುಂದಾಪುರ

ಉತ್ತರ: ಇಲ್ಲ, ಮಂಗ ಇಲ್ಲಿಯದೇ. ಸಂಸ್ಕೃತದ ‘ವಾನರ’ ಪ್ರಾಕೃತಗಳ ಬಾಯಲ್ಲಿ ಸವೆಯುತ್ತ, ನಕಾರ ರೇಫಗಳ ನಡುವಿನ ಅಕಾರ ಬಿದ್ದುಹೋದಾಗ ಅಲ್ಲಿಗೊಂದು ದಕಾರ ನುಸುಳಿತು. ‘ನ್ರ’ ಎಂದು ವೇಗವಾಗಿ ಹೇಳಿ ನೋಡಿದರೆ ನಾಲಗೆಯ ತುದಿ ತಾನಾಗಿಯೇ ‘ನ್ದ್ರ’ ಎನ್ನುವುದು ತಿಳಿಯುತ್ತದೆ. ಗುಜರಾತಿಯ ‘ವಾಂದರೋ’ ಈ ಹಾದಿಯ ನಡುಘಟ್ಟವನ್ನು ಉಳಿಸಿಕೊಂಡಿದೆ. ಹಿಂದಿಯಲ್ಲಿ ವಕಾರ ಬಕಾರವಾಗಿ, ದೀರ್ಘ ಹ್ರಸ್ವವಾಗಿ ‘ಬಂದರ್’ ಎಂದು ನಿಂತಿತು. ಉರ್ದುವಿನಲ್ಲಿ ಬರೆದಾಗ ಮಂಗನೂ ಹಡಗುದಾಣವೂ ಒಂದೇ ಅಕ್ಷರಗಳು, ಒಂದೇ ಉಚ್ಚಾರ. ಗೊಂದಲ ಬೇಡವೆಂದೋ ಏನೋ, ಹಿಂದಿ ಉರ್ದುಗಳಲ್ಲಿ ಹಡಗುದಾಣಕ್ಕೆ ಸಾಮಾನ್ಯವಾಗಿ ‘ಬಂದರ್‌ಗಾಹ್’ ಎನ್ನುತ್ತಾರೆ. ‘ಗಾಹ್’ ಎಂದರೆ ಸ್ಥಳ. ನಮಗೆ ಪರಿಚಿತವಾದ ದರ್ಗಾ, ಈದ್ಗಾಗಳ ಕೊನೆಯಲ್ಲಿರುವುದೂ ಅದೇ. ಮರಾಠಿಯವರು ಮಂಗನಿಗೆ ‘ಮಾಕಡ’ ಎನ್ನುವುದರಿಂದ ಅವರಿಗೆ ಈ ತೊಡಕಿಲ್ಲ. ತರಗತಿ ನಕ್ಕರೆ ನಗಲಿ, ‘ವಾನರ’ವನ್ನು ಹಲಗೆಯ ಮೇಲೆ ಬರೆದು ತೋರಿಸಲು ಅದೇ ತಕ್ಕ ಸಮಯ.

ಪ್ರಶ್ನೆ: ಮಂಗಳೂರಿನಲ್ಲಿ ಹಡಗುಗಳು ಬರುವುದು ಪಣಂಬೂರಿಗೆ. ಆದರೆ ‘ಬಂದರ್’ ಎಂದು ಕರೆಯುವುದು ಪೇಟೆಯ ನಡುವಿನ ದಿನಸಿ ಮಂಡಿಗಳ ಪ್ರದೇಶವನ್ನು. ಅಲ್ಲಿನ ಇಂಗ್ಲಿಷ್ ಫಲಕಗಳನ್ನು ನೋಡಿ ಹೊರಗಿನವರು ‘ಬುಂದರ್’ ಎಂದು ಓದುತ್ತಾರೆ. ಸರಿಯಾದ ರೂಪ ಯಾವುದು?
– ಓದುಗರು, ಕುದ್ರೋಳಿ

ಉತ್ತರ: ‘ಬಂದರ್’ ಎಂಬುದೇ ಸರಿ. ಇಂಗ್ಲಿಷರು ನಮ್ಮ ಹ್ರಸ್ವ ಅಕಾರವನ್ನು ತಮ್ಮ ಓದಿನ ಕ್ರಮಕ್ಕೆ ತಕ್ಕಂತೆ ‘ಯು’ ಅಕ್ಷರದಿಂದ ಬರೆಯುತ್ತಿದ್ದರು. ಬಂಗಲೆಯನ್ನೂ ಹಾಗೆಯೇ ಬರೆದರು. ಫಲಕ ಆ ಕಾಲದ ಕಾಗುಣಿತವನ್ನು ಉಳಿಸಿಕೊಂಡಿದೆ, ಅಷ್ಟೆ.

ಪ್ರದೇಶದ ಹೆಸರಿನ ಪ್ರಶ್ನೆ ಇದಕ್ಕಿಂತ ಸ್ವಾರಸ್ಯದ್ದು. ಹಳೆಯ ಬಂದರು ಗುರುಪುರ ನದಿಯ ದಡದಲ್ಲಿ, ನೇತ್ರಾವತಿಯೊಂದಿಗೆ ಅದು ಕೂಡಿ ಕಡಲಿಗೆ ಸೇರುವ ಅಳಿವೆಯ ಒಳಗಿದೆ. ಅಳಿವೆಯ ಬಾಯಲ್ಲಿ ಮರಳು ತುಂಬುವುದರಿಂದ ದೊಡ್ಡ ಹಡಗುಗಳಿಗೆ ಒಳಗೆ ಬರಲು ಆಳ ಸಾಲದು. ಅವು ಹೊರಗಡಲಿನಲ್ಲಿಯೇ ಲಂಗರು ಹಾಕಿ, ಸರಕು ಸಣ್ಣ ನಾವೆಗಳಲ್ಲಿ ದಡ ಸೇರಬೇಕಾಗಿತ್ತು. ಮಳೆಗಾಲದಲ್ಲಿ ಅದೂ ನಿಲ್ಲುತ್ತಿತ್ತು. ಅದಕ್ಕಾಗಿ ಪಣಂಬೂರಿನಲ್ಲಿ ನೆಲವನ್ನೇ ಅಗೆದು, ಎಲ್ಲ ಋತುಗಳಲ್ಲಿಯೂ ಹಡಗು ಬರುವಂಥ ಕೃತಕ ಬಂದರನ್ನು ನಿರ್ಮಿಸಿದರು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳಲ್ಲಿ ಒಂಬತ್ತನೆಯದೆಂದು ಘೋಷಿತವಾಗಿ, 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆಗೊಂಡಿತು. ದೊಡ್ಡ ಹಡಗುಗಳು ಅತ್ತ ಹೋದವು, ಹೆಸರು ಇತ್ತಲೇ ಉಳಿಯಿತು. ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಹೋಗುವುದು, ಮೀನುಗಾರಿಕೆಯ ದೋಣಿಗಳು ಬಂದು ನಿಲ್ಲುವುದು ಮುಂದುವರಿದಿದ್ದರೂ, ‘ಬಂದರಿಗೆ ಹೋಗಿ ಬರುತ್ತೇನೆ’ ಎನ್ನುವ ಮಂಗಳೂರಿನ ಅಂಗಡಿಕಾರರ ಮನಸ್ಸಿನಲ್ಲಿರುವುದು ಅಕ್ಕಿ, ಬೆಲ್ಲ, ಮೆಣಸಿನ ಸಗಟು ಮಳಿಗೆಗಳು. ಅಂದರೆ ಮಲಯ್ ಭಾಷೆಯಲ್ಲಿ ಇಡೀ ದೇಶದ ಬಳಕೆಯಲ್ಲಿ ನಡೆದುಹೋದ ಪಲ್ಲಟ ಮಂಗಳೂರಿನ ಒಂದು ಕೇರಿಯ ಮಟ್ಟಿಗೆ ನಡೆದಿದೆ. ಬರವಣಿಗೆಯಲ್ಲಿ ನನ್ನ ಸಲಹೆ ಇಷ್ಟು: ಹಡಗುದಾಣಕ್ಕೆ ‘ಬಂದರು’, ಪೇಟೆಯ ಆ ಪ್ರದೇಶಕ್ಕೆ ‘ಬಂದರ್’ ಎಂದು ಬರೆದರೆ ಓದುಗರಿಗೆ ಭೇದ ತಿಳಿಯುತ್ತದೆ. ಊರಿನವರ ಬಾಯಲ್ಲಿ ಈ ಭೇದ ಆಗಲೇ ಇದೆ.

ಪ್ರಶ್ನೆ: ಮೀನಿನ ಬಂದರಿಗೆ ‘ದಕ್ಕೆ’ ಎನ್ನುತ್ತೇವಲ್ಲ, ಅದು ಇಂಗ್ಲಿಷಿನ ‘ಡಾಕ್’ ಅಲ್ಲವೇ?
– ಓದುಗರು, ಗಂಗೊಳ್ಳಿ

ಉತ್ತರ: ಇಂಗ್ಲಿಷಿಗೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಮರಾಠಿಯಲ್ಲಿ ಹಡಗಿನಿಂದ ಇಳಿಯುವ ಕಟ್ಟೆಗೆ ‘ಧಕ್ಕಾ’ ಎನ್ನುತ್ತಾರೆ. ಮುಂಬಯಿಯ ‘ಭಾವೂಚಾ ಧಕ್ಕಾ’ ಅಲ್ಲಿ ದುಡಿದ ನಮ್ಮ ಮೀನುಗಾರರಿಗೆಲ್ಲ ಗೊತ್ತು. ತುಳು ಮಹಾಪ್ರಾಣವನ್ನು ಒಲ್ಲದ ಭಾಷೆಯಾದ್ದರಿಂದ ಇಲ್ಲಿ ಅದು ‘ದಕ್ಕೆ’ ಆದದ್ದು ಸಹಜ. ‘ಡಾಕ್’ ಎಂಬುದರಿಂದ ಬಂದಿದ್ದರೆ ಮೊದಲ ಅಕ್ಷರ ‘ಡ’ ಆಗಿಯೇ ಉಳಿಯುತ್ತಿತ್ತು. ‘ಗೌರವಕ್ಕೆ ಧಕ್ಕೆ’ ಎನ್ನುವಾಗಿನ ಧಕ್ಕೆಯ ಅರ್ಥ ಬೇರೆ; ಅದು ನೂಕು, ಪೆಟ್ಟು ಎಂಬ ಅರ್ಥದ ಹಿಂದಿ ಮರಾಠಿಗಳ ‘ಧಕ್ಕಾ’. ಘಟ್ಟದ ಮೇಲಿನ ಪತ್ರಿಕೆಗಳು ಮೀನಿನ ದಕ್ಕೆಗೂ ಮಹಾಪ್ರಾಣ ಹಾಕಿ ಬರೆದಾಗ ಮೀನುಗಾರರಿಗೆ ಏನೋ ಅನಾಹುತವಾಯಿತೆಂದು ತೋರುತ್ತದೆ.

ಪ್ರಶ್ನೆ: ಭಂಡಾರ್ಕರ್, ಭಂಡಾರಿ ಎಂಬ ಅಡ್ಡಹೆಸರುಗಳಿಗೂ, ಹೊಳೆಬದಿಯ ‘ಬಂಡಸಾಲೆ’ಗೂ ಬಂದರಿನ ಸಂಬಂಧವಿದೆಯೇ?
– ಓದುಗರು, ಕಾರ್ಕಳ

ಉತ್ತರ: ವ್ಯಾಪಾರದಿಂದ ನೆಂಟಸ್ತನವಿರಬಹುದು, ಪದದಿಂದ ಇಲ್ಲ. ಸಂಸ್ಕೃತದಲ್ಲಿ ‘ಭಾಂಡ’ ಎಂದರೆ ಪಾತ್ರೆ, ಸರಕು. ‘ಭಾಂಡಾಗಾರ’ ಎಂದರೆ ಸರಕಿನ ಅಥವಾ ಬೊಕ್ಕಸದ ಮನೆ. ಅದು ಸವೆದು ‘ಭಂಡಾರ’ವಾಯಿತು, ಅದನ್ನು ನೋಡಿಕೊಳ್ಳುವವನು ಭಂಡಾರಿ, ಕೊಂಕಣಿಗರಲ್ಲಿ ‘ಕರ್’ ಸೇರಿ ಭಂಡಾರ್ಕರ್. ‘ಬಂಡಸಾಲೆ’ ಎಂಬುದು ‘ಭಾಂಡಶಾಲೆ’ಯ ತದ್ಭವ, ಸರಕು ತುಂಬಿಡುವ ಉಗ್ರಾಣ. ಕೋಲ್ಕತ್ತದ ಬ್ಯಾಂಕ್‌ಶಾಲ್ ಬೀದಿಯ ಹೆಸರನ್ನೂ ಈ ಭಾಂಡಶಾಲೆಗೆ ಜೋಡಿಸುವವರಿದ್ದಾರೆ. ಬಂದರಿನ ದಕಾರವೂ ಬಂಡಸಾಲೆಯ ಡಕಾರವೂ ಎಲ್ಲಿಯೂ ಒಂದನ್ನೊಂದು ಮುಟ್ಟಿಲ್ಲ.